ದೀಪ ಹಚ್ಚಿದ ಮೇಲೂ ಉಳಿಯುವ ಹಾವು

ಹಗ್ಗವನ್ನು ಹಾವೆಂದು ತಿಳಿದು ಹೆದರಿದವನ ದೃಷ್ಟಾಂತ ಭಾರತೀಯ ತತ್ತ್ವಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ ಅದು ಬರುತ್ತದೆ. ಶಂಕರರ ಭಾಷ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಬ್ಬುಗತ್ತಲಲ್ಲಿ ದಾರಿಯ ಮೇಲೆ ಬಿದ್ದಿರುವುದು ಹಾವಿನಂತೆ ಕಾಣುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಾಲು ನಡುಗುತ್ತದೆ. ಯಾರೋ ದೀಪ ತರುತ್ತಾರೆ. ನೋಡಿದರೆ ಅದು ಹಗ್ಗ. ಹಾಗೆಂದು ತಿಳಿದ ಮೇಲೆ ಹಾವೂ ಇಲ್ಲ, ಹಾವಿನ ಭಯವೂ ಇಲ್ಲ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಭಯ ಸರಿಯಾದ ತಿಳಿವಳಿಕೆ ಬಂದಾಗ ತಾನೇ ಹೋಗುತ್ತದೆ, ಅದನ್ನು ಓಡಿಸಲು ಬೇರೇನೂ ಮಾಡಬೇಕಾಗಿಲ್ಲ ಎನ್ನುವುದೇ ಈ ದೃಷ್ಟಾಂತದ ಬಲ.

ನಾನು ಪಿಎಚ್.ಡಿ. ಮಾಡುತ್ತಿರುವುದು ಭ್ರಮೆಯ ಬಗೆಗಿನ ಇಂಥ ಸಿದ್ಧಾಂತಗಳ ಮೇಲೆಯೇ. ದಿನವಿಡೀ ಹಗ್ಗ, ಹಾವು, ಚಿಪ್ಪು, ಬೆಳ್ಳಿ. ಸಂಜೆ ಹಾಸ್ಟೆಲಿಗೆ ಬಂದು ಸ್ನಾನದ ಕೋಣೆಯ ಬಾಗಿಲು ತೆರೆಯುವ ಮೊದಲು ಮಾತ್ರ ಗೋಡೆ, ಮೂಲೆ, ಟ್ಯೂಬ್‌ಲೈಟಿನ ಹಿಂಬದಿ ಎಲ್ಲವನ್ನೂ ಒಂದು ಸಲ ನೋಡುತ್ತೇನೆ. ನನಗೆ ಹಲ್ಲಿ ಕಂಡರೆ ಭಯ. ಮನೆಯ ಹಲ್ಲಿಗೆ ವಿಷವಿಲ್ಲ ಎಂದು ಗೊತ್ತು. ಅದು ಸೊಳ್ಳೆ ಹಿಡಿದು ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ ಎಂದೂ ಗೊತ್ತು. ಪಂಚಾಂಗದ ಕೊನೆಯ ಪುಟಗಳಲ್ಲಿ ಅಚ್ಚಾಗುವ ಹಲ್ಲಿ ಬಿದ್ದ ಫಲಗಳನ್ನು ನಾನು ನಂಬುವುದಿಲ್ಲ. ಆದರೂ ಅದು ಗೋಡೆಯ ಮೇಲೆ ಸರಕ್ಕನೆ ಸರಿದರೆ ಅಂಗೈ ತಣ್ಣಗಾಗುತ್ತದೆ, ಗಂಟಲು ಒಣಗುತ್ತದೆ, ಬೆನ್ನ ಮೇಲೆ ಏನೋ ಹರಿದಂತಾಗುತ್ತದೆ. ದೀಪ ಉರಿಯುತ್ತಿದೆ. ಹಗ್ಗ ಹಗ್ಗವಾಗಿಯೇ ಕಾಣುತ್ತಿದೆ. ಭಯ ಮಾತ್ರ ಹೋಗಿಲ್ಲ.

ಗೊತ್ತಿದ್ದೂ ಹೆದರುವವರ ಬಗ್ಗೆ ಏನು ಹೇಳಬೇಕು? ಅವರನ್ನು ಅಜ್ಞಾನಿಗಳು ಎನ್ನುವಂತಿಲ್ಲ, ಯಾಕೆಂದರೆ ಗೊತ್ತಿದೆ. ಹೇಡಿಗಳು ಎನ್ನೋಣವೇ? ರೋಗಿಗಳು ಎನ್ನೋಣವೇ? ಹೇಡಿ ಎಂದರೆ ಅದು ನೈತಿಕ ತೀರ್ಪು, ರೋಗಿ ಎಂದರೆ ವೈದ್ಯಕೀಯ ತೀರ್ಪು. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆನ್ನುವುದು ಬರಿಯ ತರಗತಿಯ ಚರ್ಚೆಯಲ್ಲ. ನನ್ನ ಸೋದರಮಾವನ ಕಾಲಿನ ಎರಡು ಬೆರಳು ಹೋದದ್ದರಲ್ಲಿ ಈ ಪ್ರಶ್ನೆಗೂ ಪಾಲಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ವೈದ್ಯರು ಏನನ್ನುತ್ತಾರೆ ನೋಡೋಣ. ಫೋಬಿಯಾ ಎಂಬ ಮಾತು ಬಂದದ್ದು ಗ್ರೀಕರ ಭಯದೇವತೆ ಫೋಬೋಸ್‌ನ ಹೆಸರಿನಿಂದ. ಎಲ್ಲ ಹೆದರಿಕೆಯೂ ಫೋಬಿಯಾ ಅಲ್ಲ. ಎದುರಿಗಿರುವ ಅಪಾಯಕ್ಕೆ ಹೋಲಿಸಿದರೆ ಭಯ ತೀರಾ ಹೆಚ್ಚಾಗಿರಬೇಕು; ಆ ವಸ್ತು ಅಥವಾ ಸಂದರ್ಭ ಎದುರಾದಾಗಲೆಲ್ಲ ಹೆಚ್ಚುಕಡಿಮೆ ತಪ್ಪದೆ ಬರಬೇಕು; ಸಾಮಾನ್ಯವಾಗಿ ಆರು ತಿಂಗಳಾದರೂ ಉಳಿದಿರಬೇಕು; ಅದರಿಂದ ಬದುಕಿನ ಕೆಲಸಗಳು ಕೆಡಬೇಕು, ಅಥವಾ ಮನಸ್ಸು ತೀವ್ರವಾಗಿ ನರಳಬೇಕು. ಹಾವು, ಜೇಡ, ನಾಯಿ, ಜಿರಳೆಯಂಥ ಪ್ರಾಣಿಗಳ ಭಯ. ಎತ್ತರ, ಗುಡುಗು, ನೀರಿನ ಭಯ. ರಕ್ತ, ಸೂಜಿ, ಗಾಯದ ಭಯ. ಲಿಫ್ಟು, ವಿಮಾನ, ಸುರಂಗದ ಭಯ ಎಂದು ಇವನ್ನು ವಿಂಗಡಿಸುತ್ತಾರೆ. ನಾಲ್ಕು ಜನರ ಕಣ್ಣಿಗೆ ಬೀಳುವ ಭಯ ಬೇರೆಯೇ ಒಂದು ಗುಂಪು. ತಪ್ಪಿಸಿಕೊಳ್ಳಲು ಆಗದಂಥ ಜಾಗದ ಭಯ ಇನ್ನೊಂದು; ಅದಕ್ಕೆ ಅಗೋರಫೋಬಿಯಾ ಎಂದು 1871ರಲ್ಲಿ ಹೆಸರಿಟ್ಟವರು ಜರ್ಮನಿಯ ವೈದ್ಯ ಕಾರ್ಲ್ ವೆಸ್ಟ್‌ಫಾಲ್.

ಲಕ್ಷಣಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಎದೆಬಡಿತ ಏರುತ್ತದೆ, ಬೆವರುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ, ಕೈಕಾಲು ನಡುಗುತ್ತವೆ, ಹೊಟ್ಟೆಯೊಳಗೆ ಹಿಂಡಿದಂತಾಗುತ್ತದೆ, ಅಲ್ಲಿಂದ ಓಡಬೇಕೆನಿಸುತ್ತದೆ. ಹೊರಗಿನವರಿಗೆ ಕಾಣದ ಲಕ್ಷಣ ಇನ್ನೊಂದಿದೆ. ತಪ್ಪಿಸಿಕೊಳ್ಳುವುದು. ಲಿಫ್ಟಿಗೆ ಹೆದರುವವನು ಎಂಟನೇ ಮಹಡಿಯ ಕೆಲಸಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ನಾನು ಗ್ರಂಥಾಲಯದ ಹಳೆಯ ಪುಸ್ತಕಗಳ ಕೋಣೆಗೆ ಸಂಜೆ ಹೊತ್ತು ಹೋಗುವುದಿಲ್ಲ. ಬೆಳಿಗ್ಗೆಯೇ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆ. ಹೀಗೆ ತಪ್ಪಿಸಿಕೊಂಡ ಪ್ರತಿ ಸಲವೂ ಒಂದು ನಿರಾಳ ಸಿಗುತ್ತದೆ. ಆ ನಿರಾಳವೇ ಭಯಕ್ಕೆ ಹಾಕುವ ಗೊಬ್ಬರ. ಓಡಿಬಂದದ್ದರಿಂದಲೇ ಬಚಾವಾದೆ ಎಂದು ಮೈ ಕಲಿತುಬಿಡುತ್ತದೆ. ಓಡದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂನಲ್ಲಿ ಒಂದು ಕುತೂಹಲದ ಬದಲಾವಣೆ ಆಗಿದೆ. 1994ರ ನಾಲ್ಕನೇ ಆವೃತ್ತಿಯಲ್ಲಿ ಒಂದು ಷರತ್ತಿತ್ತು: ತನ್ನ ಭಯ ಅತಿಯಾದದ್ದು ಎಂದು ಆ ವ್ಯಕ್ತಿಗೇ, ಅವರು ವಯಸ್ಕರಾಗಿದ್ದರೆ, ಗೊತ್ತಿರಬೇಕು. 2013ರ ಐದನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಭಯ ಅತಿಯೋ ಅಲ್ಲವೋ ಎಂದು ತೂಗುವ ಕೆಲಸ ಈಗ ವೈದ್ಯರದು. ನನಗೆ ಮಾತ್ರ ಆ ಹಳೆಯ ಷರತ್ತು ತತ್ತ್ವಶಾಸ್ತ್ರದ ಒಂದು ಗಂಟನ್ನು ನೇರವಾಗಿ ಮುಟ್ಟಿತ್ತು ಅನ್ನಿಸುತ್ತದೆ. ತಿಳಿವಳಿಕೆ ಒಂದು ಕಡೆ, ಭಯ ಇನ್ನೊಂದು ಕಡೆ, ಎರಡೂ ಒಂದೇ ಮೈಯಲ್ಲಿ ಜಗಳವಾಡದೆ ವಾಸವಾಗಿರಬಹುದು ಎಂದು ಅದು ಒಪ್ಪಿಕೊಂಡಿತ್ತು.

ಇದನ್ನು ಮೊದಲು ಗಮನಿಸಿದವರು ಮನೋವಿಜ್ಞಾನಿಗಳೇನೂ ಅಲ್ಲ. ಹದಿನೆಂಟನೇ ಶತಮಾನದಲ್ಲಿ ಡೇವಿಡ್ ಹ್ಯೂಮ್ ಒಂದು ಉದಾಹರಣೆ ಕೊಡುತ್ತಾನೆ. ಎತ್ತರದ ಗೋಪುರದಿಂದ ಒಬ್ಬನನ್ನು ಕಬ್ಬಿಣದ ಪಂಜರದಲ್ಲಿ ಕೂರಿಸಿ ಇಳಿಬಿಟ್ಟಿದ್ದಾರೆ. ಪಂಜರ ಗಟ್ಟಿಯಾಗಿದೆ, ತಾನು ಬೀಳುವುದಿಲ್ಲ ಎಂದು ಅವನಿಗೆ ಖಾತ್ರಿಯಿದೆ. ಆದರೂ ಕೆಳಗೆ ನೋಡಿದರೆ ನಡುಗುತ್ತಾನೆ. 2008ರಲ್ಲಿ ಅಮೆರಿಕದ ತತ್ತ್ವಜ್ಞೆ ಟಮಾರ್ ಗೆಂಡ್ಲರ್ ಇಂಥ ಸ್ಥಿತಿಗೆ ಒಂದು ಹೊಸ ಪದವನ್ನೇ ಮಾಡಿದರು. ನಂಬಿಕೆಗೆ ಇಂಗ್ಲಿಷಿನಲ್ಲಿ ಬಿಲೀಫ್ ಎನ್ನುತ್ತಾರಲ್ಲ, ಅದಕ್ಕೆ ಪ್ರಾಸ ಹೊಂದಿಸಿ ಏಲೀಫ್ ಎಂದರು. ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಮೇಲೆ ಚಾಚಿಕೊಂಡಿರುವ ಗಾಜಿನ ಹಾದಿಯಲ್ಲಿ ನಿಂತವನು ಅದು ಮುರಿಯುವುದಿಲ್ಲವೆಂದು ನಂಬಿರುತ್ತಾನೆ. ನಂಬದಿದ್ದರೆ ಅದರ ಮೇಲೆ ಕಾಲಿಡುತ್ತಲೇ ಇರಲಿಲ್ಲ. ಅವನ ಕಾಲು ಮಾತ್ರ ಬೇರೆಯೇ ಹೇಳುತ್ತಿರುತ್ತದೆ.

ನಮ್ಮವರೂ ಇದನ್ನು ಕಂಡಿದ್ದರು. ಹಗ್ಗವೆಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಮೈ ನಡುಗುತ್ತಲೇ ಇರುತ್ತದೆ ಎಂಬುದನ್ನು ಮಂಡನಮಿಶ್ರರು ಬ್ರಹ್ಮಸಿದ್ಧಿಯಲ್ಲಿ ಎತ್ತಿ ಹೇಳುತ್ತಾರೆ. ಜ್ಞಾನ ಬಂದ ಮೇಲೂ ಜ್ಞಾನಿಯ ದೇಹ ಯಾಕೆ ಉಳಿದಿರುತ್ತದೆ ಎಂಬ ಪ್ರಶ್ನೆಗೆ ಉತ್ತರವಾಗಿ ಈ ಮಾತು ಬರುತ್ತದೆ. ಉಳಿದ ಆ ನಡುಕಕ್ಕೆ ಕಾರಣ ಸಂಸ್ಕಾರ, ಅಂದರೆ ಹಿಂದಿನ ಅನುಭವ ಬಿಟ್ಟುಹೋದ ಅಚ್ಚು. ಅಲ್ಲಿ ಆ ನಡುಕ ಮೆಲ್ಲಗೆ ತಣ್ಣಗಾಗುತ್ತದೆ. ತಣ್ಣಗಾಗದೇ ಉಳಿದ ನಡುಕವನ್ನು ಫೋಬಿಯಾ ಎಂದು ತಿಳಿಯಬಹುದು ಎಂದು ನನಗೆ ಅನ್ನಿಸಿದ್ದು ಈ ಚರ್ಚೆಯನ್ನು ಓದುವಾಗ. ಅಲ್ಲಿ ಅಜ್ಞಾನವಿಲ್ಲ. ಅಚ್ಚಿದೆ.

ಈ ಅಚ್ಚು ಬೀಳಲು ನಾವೇ ಕಚ್ಚಿಸಿಕೊಂಡಿರಬೇಕೆಂದೂ ಇಲ್ಲ. ಸೂಸನ್ ಮಿನೆಕಾ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ರೀಸಸ್ ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿಗಳು ಹಾವು ನೋಡಿ ಬೆದರುವುದನ್ನು ಕಂಡ ಮೇಲೆ ಅವಕ್ಕೂ ಭಯ ಬಂತು. ನಮ್ಮ ಮನೆಗಳಲ್ಲಿ ಅಮ್ಮ ಜಿರಳೆ ಕಂಡು ಚೀರಿದರೆ ಸೊಂಟದ ಮೇಲಿರುವ ಮಗುವೂ ಒಂದು ಪಾಠ ಕಲಿಯುತ್ತದೆ. ಅದಕ್ಕೆ ಮಗುವಿನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.

ಹಾಗಾದರೆ ಭಯಪಟ್ಟವರನ್ನು ದೂರುವುದು ಎಷ್ಟು ಸರಿ? ಅರಿಸ್ಟಾಟಲ್ ನಿಕೋಮೇಕಿಯನ್ ಎಥಿಕ್ಸ್‌ನ ಏಳನೇ ಭಾಗದಲ್ಲಿ ಒಬ್ಬ ವಿಚಿತ್ರ ವ್ಯಕ್ತಿಯನ್ನು ನೆನೆಯುತ್ತಾನೆ. ಮುಂಗುಸಿಯನ್ನು ಹೋಲುವ ವೀಸಲ್ ಎಂಬ ಸಣ್ಣ ಪ್ರಾಣಿಗೆ ಹೆದರುತ್ತಿದ್ದವನು ಅವನು. ಆ ಭಯ ರೋಗದಿಂದ ಬಂದದ್ದು ಎನ್ನುತ್ತಾನೆ ಅರಿಸ್ಟಾಟಲ್. ಇಂಥವು ಸಾಮಾನ್ಯವಾಗಿ ನಾವು ದುರ್ಗುಣ ಎಂದು ಕರೆಯುವುದರ ಎಲ್ಲೆಯಿಂದ ಆಚೆಗಿವೆ ಎಂದೂ ಹೇಳುತ್ತಾನೆ. ಧೈರ್ಯವನ್ನು ದೊಡ್ಡ ಸದ್ಗುಣವೆಂದು ಎತ್ತಿಹಿಡಿದ, ಯುದ್ಧಭೂಮಿಯ ಸಾವನ್ನು ಅದರ ಒರೆಗಲ್ಲು ಮಾಡಿದ ತತ್ತ್ವಜ್ಞಾನಿ ಇವನು. ಅವನೂ ಈ ಮನುಷ್ಯನನ್ನು ಹೇಡಿಗಳ ಸಾಲಿನಲ್ಲಿ ನಿಲ್ಲಿಸಲಿಲ್ಲ.

ನಮ್ಮ ಭಾಷೆ ಅಷ್ಟು ಉದಾರಿಯಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ಅಂತಃಪುರದಲ್ಲಿ ಕೊಚ್ಚಿಕೊಂಡು ಹೊರಟ ವಿರಾಟನ ಮಗ ಕೌರವ ಸೇನೆಯನ್ನು ಕಂಡು ರಥದಿಂದ ಇಳಿದು ಓಡಿದ. ಅವನ ಭಯ ಫೋಬಿಯಾ ಅಲ್ಲ. ಎದುರಿಗೆ ನಿಜವಾಗಿಯೂ ಭೀಷ್ಮ, ದ್ರೋಣ, ಕರ್ಣ ಇದ್ದರು. ನನಗೆ ಮುಖ್ಯವೆನಿಸುವುದು ಮುಂದೆ ನಡೆದದ್ದು. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅವನನ್ನು ಹಿಡಿದು ತಂದ. ಆದರೆ ಯುದ್ಧ ಮಾಡು ಎಂದು ಬಲವಂತ ಮಾಡಲಿಲ್ಲ. ನಾನು ಕಾದುತ್ತೇನೆ, ನೀನು ಕುದುರೆಗಳ ಲಗಾಮು ಹಿಡಿ ಎಂದ. ಉತ್ತರ ಲಗಾಮು ಹಿಡಿದ. ಯಾವ ಸೇನೆಯನ್ನು ಕಂಡು ಓಡಿದ್ದನೋ ಅದೇ ಸೇನೆಯ ನಡುವೆ ರಥ ನಡೆಸಿದ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸತ್ತ. ಓಡಿಹೋಗದೆ ಸತ್ತ. ನಮ್ಮ ಗಾದೆಗೆ ಒಲೆಯ ಮುಂದಿನ ಮಾತಷ್ಟೇ ನೆನಪಿದೆ. ಲಗಾಮು ಹಿಡಿದ ಕೈ ನೆನಪಿಲ್ಲ.

ಇಂಥ ಮರೆವಿಗೆ ಯಾರೋ ಬೆಲೆ ತೆರುತ್ತಾರೆ. ನಮ್ಮ ಮಾವ ಹಾಸನದ ಕಡೆಯ ರೈತ. ಕೊಟ್ಟಿಗೆಗೆ ನಾಗರಹಾವು ಬಂದರೆ ಉದ್ದದ ಕೋಲಿನಲ್ಲಿ ಎತ್ತಿ ಬೇಲಿಯಾಚೆ ಬಿಟ್ಟು ಬರುವ ಮನುಷ್ಯ. ಅವರಿಗೆ ಸೂಜಿ ಕಂಡರೆ ಆಗುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಊರ ಶಾಲೆಯಲ್ಲಿ ರಕ್ತದಾನ ಶಿಬಿರ ನಡೆದಾಗ ಸಾಲಿನಲ್ಲಿ ನಿಂತಿದ್ದರಂತೆ. ಮುಂದಿದ್ದವನ ತೋಳಿಗೆ ಸೂಜಿ ಹೋಗುವುದನ್ನು ನೋಡಿ ನಿಂತಲ್ಲೇ ಕುಸಿದರು. ನೀರು ಚಿಮುಕಿಸಿ ಎಬ್ಬಿಸಿದವರೇ ನಕ್ಕರು. ಅವತ್ತಿನಿಂದ ಊರಿನಲ್ಲಿ ಅವರಿಗೆ ‘ಸೂಜಿ ಗೌಡ್ರು’ ಎಂಬ ಹೆಸರು ಬಿತ್ತು. ಅವರ ತಂದೆಗೂ ರಕ್ತ ಕಂಡರೆ ಹಾಗೇ ಆಗುತ್ತಿತ್ತು ಎನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ.

ಮಾವ ಆಮೇಲೆ ಯಾವ ಪರೀಕ್ಷೆಗೂ ಹೋಗಲಿಲ್ಲ. ಬಾಯಾರಿಕೆ, ರಾತ್ರಿ ನಾಲ್ಕು ಸಲ ಏಳುವುದು, ಸೊರಗಿದ ಮೈ ಎಲ್ಲವೂ ಇತ್ತು. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಎಂದು ಅತ್ತೆ ಹೇಳಿದರೆ, “ಸುಮ್ಕಿರು, ಸಕ್ಕರೆ ಕಾಯಿಲೆ ಎಲ್ಲ ಪ್ಯಾಟೆಯೋರ್ಗೆ” ಎಂದು ತೋಟಕ್ಕೆ ಹೊರಟುಬಿಡುತ್ತಿದ್ದರು. ಸೂಜಿಗೆ ಹೆದರುತ್ತೇನೆ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಆ ಹಳೆಯ ಹೆಸರು ಮತ್ತೆ ಎದ್ದು ನಿಲ್ಲುತ್ತಿತ್ತು. ಕಾಲಿಗೆ ಮುಳ್ಳು ಚುಚ್ಚಿ ಆದ ಗಾಯ ತಿಂಗಳಾದರೂ ಮಾಯದೆ ಕಪ್ಪಾದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಎರಡು ಬೆರಳು ತೆಗೆಯಬೇಕಾಯಿತು. ಅವರಿಗೆ ಸೂಜಿಯ ಭಯ ಹುಟ್ಟಿನಿಂದಲೇ ಬಂದಿರಬಹುದು. ಅದನ್ನು ಬಚ್ಚಿಡುವ ಭಯವನ್ನು ಕೊಟ್ಟದ್ದು ಊರು.

ಇಲ್ಲಿ ಗಂಡು ಹೆಣ್ಣಿನ ಲೆಕ್ಕವೂ ಇದೆ. ನಾನು ಹಲ್ಲಿ ಕಂಡು ಚೀರಿದರೆ ಹಾಸ್ಟೆಲಿನಲ್ಲಿ ನಗುತ್ತಾರೆ, ಆದರೆ ಯಾರಾದರೊಬ್ಬರು ಪೊರಕೆ ಹಿಡಿದು ಬಂದೇ ಬರುತ್ತಾರೆ. ಹೆಂಗಸರು ಹೆದರುವುದೇ ಸಹಜ ಎನ್ನುವ ಆ ನಗು ನನಗೆ ಇಷ್ಟವಿಲ್ಲ. ಆದರೂ ಅದು ನನ್ನ ಭಯಕ್ಕೆ ಒಂದು ಜಾಗ ಕೊಡುತ್ತದೆ. ಮಾವನಿಗೆ ಆ ಜಾಗವೂ ಇರಲಿಲ್ಲ. ಗಂಡಸಾಗಿ ಹೆದರ್ತೀಯಾ ಎಂಬ ಮಾತು ಭಯವನ್ನು ಹೋಗಲಾಡಿಸುವುದಿಲ್ಲ, ಭಯಪಟ್ಟವನ ಬಾಯಿ ಮುಚ್ಚಿಸುತ್ತದೆ ಅಷ್ಟೆ.

ಗೇಲಿಯಿಂದ ಭಯ ಹೋಗುವುದಿಲ್ಲ ಎನ್ನುವುದನ್ನು ನೂರು ವರ್ಷದ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಭಯದ ಚಿಕಿತ್ಸೆಯ ಚರಿತ್ರೆಯಲ್ಲಿ ಎರಡು ಮಕ್ಕಳಿದ್ದಾರೆ. 1920ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಆಲ್ಬರ್ಟ್ ಎಂದು ಅವರು ಕರೆದ, ಇನ್ನೂ ವರ್ಷ ತುಂಬದ ಮಗುವಿಗೆ ಬಿಳಿ ಇಲಿಯ ಭಯ ಇರಲಿಲ್ಲ. ಮಗು ಇಲಿಯನ್ನು ಮುಟ್ಟಲು ಹೋದಾಗ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಹೊಡೆದರು. ಕೆಲವು ಸಲ ಹೀಗಾದ ಮೇಲೆ ಇಲಿ ಕಂಡರೇ ಮಗು ಅಳತೊಡಗಿತು. ಭಯ ಮೊಲಕ್ಕೂ, ನಾಯಿಗೂ, ತುಪ್ಪಳದ ಕೋಟಿಗೂ ಹರಡಿತು. ಆ ಭಯವನ್ನು ತೆಗೆಯುವ ಪ್ರಯತ್ನ ಆಗುವ ಮೊದಲೇ ಮಗು ಆಸ್ಪತ್ರೆ ಬಿಟ್ಟು ಹೋಯಿತು.

ನಾಲ್ಕು ವರ್ಷದ ನಂತರ, 1924ರಲ್ಲಿ, ಮೇರಿ ಕವರ್ ಜೋನ್ಸ್ ಇನ್ನೊಂದು ಮಗುವಿನ ಬಗ್ಗೆ ಬರೆದರು. ಹತ್ತಿರಹತ್ತಿರ ಮೂರು ವರ್ಷದ ಪೀಟರ್‌ಗೆ ಮೊಲ, ಇಲಿ, ತುಪ್ಪಳ, ಹತ್ತಿ ಎಲ್ಲಕ್ಕೂ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಟ್ಟರು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಮೊಲಕ್ಕೆ ಹೆದರದ ಮಕ್ಕಳನ್ನು ಜೊತೆಗೆ ಆಡಲು ಬಿಟ್ಟರು. ನಡುವೆ ಪೀಟರ್ ಕಾಯಿಲೆ ಬಿದ್ದ; ವಾಪಸು ಬರುವಾಗ ಒಂದು ದೊಡ್ಡ ನಾಯಿ ಮೇಲೆ ಹಾರಿ ಬೆದರಿಸಿತು; ಹೋಗಿದ್ದ ಭಯವೆಲ್ಲ ಮರಳಿತು. ಮತ್ತೆ ಮೊದಲಿಂದ ಶುರು ಮಾಡಿದರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಲು ಬಿಡುವಷ್ಟು ಪೀಟರ್ ಸಲಿಗೆ ಬೆಳೆಸಿಕೊಂಡ. ಅದೇ ವರ್ಷದ ಇನ್ನೊಂದು ಲೇಖನದಲ್ಲಿ ಜೋನ್ಸ್ ಹಲವು ಉಪಾಯಗಳನ್ನು ಹೋಲಿಸಿದರು. ಸುಮ್ಮನೆ ಕಾಯುವುದು, ಮಾತಿನಿಂದ ಒಪ್ಪಿಸುವುದು, ಉಳಿದ ಮಕ್ಕಳು ಗೇಲಿ ಮಾಡುವುದು ಇವು ಯಾವುವೂ ನೆಚ್ಚುವಂತಿರಲಿಲ್ಲ. ಇಷ್ಟದ ತಿನಿಸಿನ ಜೊತೆ ಮೆಲ್ಲಗೆ ಪರಿಚಯಿಸುವುದು, ಹೆದರದವರ ಜೊತೆ ಬಿಡುವುದು ಇವೆರಡೇ ನಿಜವಾಗಿ ಫಲ ಕೊಟ್ಟವು. ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ 1958ರ ತಮ್ಮ ಪುಸ್ತಕದಲ್ಲಿ ಇಂಥ ಮೆಟ್ಟಿಲು ಮೆಟ್ಟಿಲಿನ ಚಿಕಿತ್ಸೆಗೆ ವ್ಯವಸ್ಥಿತ ರೂಪ ಕೊಟ್ಟರು. ಇವತ್ತಿಗೂ ನಿರ್ದಿಷ್ಟ ಫೋಬಿಯಾಗಳಿಗೆ ಮುಖ್ಯ ಚಿಕಿತ್ಸೆ ಮಾತ್ರೆಯಲ್ಲ, ಹೀಗೆ ಎದುರಾಗುವುದು. ಕೆಲವು ಭಯಗಳಿಗೆ ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ರೂಪಿಸಿದ, ಸುಮಾರು ಮೂರು ಗಂಟೆಯ ಒಂದೇ ಬೈಠಕ್ಕೂ ಸಾಕಾಗುತ್ತದೆ.

ಪೀಟರ್‌ನ ಪ್ರಯೋಗಕ್ಕೆ ಸಲಹೆ ಕೊಟ್ಟವರಲ್ಲಿ ವಾಟ್ಸನ್ ಕೂಡ ಇದ್ದರು. ಭಯ ಹುಟ್ಟಿಸುವ ವಿದ್ಯೆ, ಕಳೆಯುವ ವಿದ್ಯೆ ಎರಡರ ಬೇರೂ ಒಂದೇ. ಎರಡರಲ್ಲೂ ಮಗುವಿನ ಮುಂದೆ ಒಂದು ಪ್ರಾಣಿಯನ್ನು ತಂದಿಡುತ್ತಾರೆ. ಪೀಟರ್‌ನ ವಿಷಯದಲ್ಲಿ ಮೊಲ ಎಷ್ಟು ಹತ್ತಿರ ಬರಬೇಕು ಎನ್ನುವುದನ್ನು ಅವನ ಮುಖವೇ ಹೇಳುತ್ತಿತ್ತು. ಅವನು ತಿನ್ನುವುದನ್ನು ನಿಲ್ಲಿಸುವಷ್ಟು ಹತ್ತಿರ ತಂದರೆ ಇಡೀ ಕೆಲಸವೇ ಕೆಡುತ್ತಿತ್ತು. ಆಲ್ಬರ್ಟ್‌ನ ವಿಷಯದಲ್ಲಿ ಸುತ್ತಿಗೆ ಯಾವಾಗ ಬೀಳಬೇಕು ಎನ್ನುವುದನ್ನು ದೊಡ್ಡವರು ತೀರ್ಮಾನಿಸಿದ್ದರು.

ನಮ್ಮ ಸುತ್ತ ನಡೆಯುವ ಮನೆಮದ್ದುಗಳನ್ನು ಇದೇ ತಕ್ಕಡಿಯಲ್ಲಿ ಇಟ್ಟು ನೋಡಬೇಕು. ಈಜು ಬರಲೆಂದು ಮಗುವನ್ನು ಬಾವಿಗೆ ತಳ್ಳುವವರಿದ್ದಾರೆ. ಭಯ ಬಿಡಿಸುತ್ತೇನೆಂದು ಸತ್ತ ಜಿರಳೆಯನ್ನು ತಂಗಿಯ ಮೈಮೇಲೆ ಎಸೆಯುವ ಅಣ್ಣಂದಿರಿದ್ದಾರೆ. ಕೆಲವರಿಗೆ ಹಾಗೆ ಈಜು ಬಂದಿದೆ ಎನ್ನುವುದು ನಿಜ. ಆದರೆ ಈಜು ಬಂದವರು ಮಾತ್ರ ಆ ಕತೆಯನ್ನು ಹೇಳುತ್ತಾರೆ. ಬಾರದವರು ನೀರಿನ ಹತ್ತಿರ ಹೋಗುವುದನ್ನೇ ಬಿಟ್ಟಿರುತ್ತಾರೆ. ಜಾನ್ ಲಾಕ್ 1693ರಲ್ಲೇ, ಮಕ್ಕಳ ಶಿಕ್ಷಣದ ಬಗೆಗಿನ ತನ್ನ ಪುಸ್ತಕದಲ್ಲಿ, ಕಪ್ಪೆಗೆ ಹೆದರುವ ಮಗುವಿಗೆ ಬೇರೆ ದಾರಿ ಸೂಚಿಸಿದ್ದ. ಬೇರೆಯವರು ಕಪ್ಪೆ ಹಿಡಿದು ದೂರದಲ್ಲಿಡಲಿ. ಮಗು ಮೊದಲು ನೋಡಲಿ. ಆಮೇಲೆ ಹತ್ತಿರ ಹೋಗಲಿ. ಇನ್ನೊಬ್ಬರ ಕೈಯಲ್ಲಿರುವಾಗ ಮೆಲ್ಲಗೆ ಮುಟ್ಟಲಿ. ಎಸೆಯುವುದಕ್ಕೂ ತೋರಿಸುವುದಕ್ಕೂ ಇರುವ ಅಂತರ ಬರಿ ವೇಗದ್ದಲ್ಲ. ಮುಂದಿನ ಹೆಜ್ಜೆ ಯಾರದು ಎನ್ನುವುದು ಅಲ್ಲಿರುವ ನೈತಿಕ ಪ್ರಶ್ನೆ.

ಇದಕ್ಕೊಂದು ಆಕ್ಷೇಪವಿದೆ. ನನ್ನ ಗೆಳತಿಯೊಬ್ಬಳು ಎತ್ತಿದ್ದು. ಭಯಪಟ್ಟವರನ್ನು ದೂರಬಾರದು ಎಂದರೆ ಅವರು ಅದರ ನೆರಳಲ್ಲೇ ಕೂತುಬಿಡುವುದಿಲ್ಲವೇ? ನಿಮ್ಮ ಮಾವ ಪರೀಕ್ಷೆಗೆ ಹೋಗದಿದ್ದರಿಂದ ಕಷ್ಟಪಟ್ಟವರು ಅವರೊಬ್ಬರೇ ಏನು? ನಿಮ್ಮ ಅತ್ತೆಗೂ ಆಯಿತಲ್ಲ? ಮಾತು ನಿಜ. ಮೂರು ತಿಂಗಳು ಡ್ರೆಸ್ಸಿಂಗ್ ಮಾಡಿದ್ದು ಅತ್ತೆ. ತೋಟಕ್ಕೆ ನೀರು ಕಟ್ಟಿದ್ದೂ ಅವರೇ. ಭಯ ನನ್ನ ಆಯ್ಕೆಯಲ್ಲ ಎನ್ನಬಹುದು. ಅದರಿಂದ ಬೇರೆಯವರ ಮೇಲೆ ಬೀಳುವ ಹೊರೆಗೆ ನಾನು ಉತ್ತರ ಕೊಡಬೇಕಿಲ್ಲ ಎನ್ನುವಂತಿಲ್ಲ. ಎದೆ ಹೊಡೆದುಕೊಳ್ಳುವುದಕ್ಕೆ ನಾನು ಹೊಣೆಯಲ್ಲ. ಹೀಗಾಗುತ್ತದೆ, ಸಹಾಯ ಬೇಕು ಎಂದು ಒಬ್ಬರಿಗಾದರೂ ಹೇಳುವುದು ನನ್ನ ಹೊಣೆ. ಹಾಗೆ ಹೇಳಿದವನನ್ನು ನೋಡಿ ನಗದಿರುವುದು ಕೇಳಿಸಿಕೊಂಡವರ ಹೊಣೆ. ಎರಡನೆಯದನ್ನು ಉಳಿಸಿಕೊಳ್ಳದ ಊರು ಮೊದಲನೆಯದನ್ನು ಹೇಗೆ ಕೇಳುತ್ತದೆ?

ಮಾವನಿಗೆ ಕೊನೆಗೆ ನೆರವಾದದ್ದು ಆಸ್ಪತ್ರೆಯ ಒಬ್ಬ ಕಿರಿಯ ವೈದ್ಯೆ. ನಾನು ಪಕ್ಕದಲ್ಲೇ ಇದ್ದೆ. ಸಡಿಲವಾಗಿರಿ, ಉದ್ದಕ್ಕೆ ಉಸಿರು ಬಿಡಿ ಎಂದು ಎಲ್ಲರೂ ಹೇಳುವುದನ್ನು ಅವರು ಹೇಳಲಿಲ್ಲ. ರಕ್ತ ಮತ್ತು ಸೂಜಿಯ ಭಯ ಉಳಿದವುಗಳಂತಲ್ಲ. ಹಲ್ಲಿಗೋ ಎತ್ತರಕ್ಕೋ ಹೆದರಿದಾಗ ರಕ್ತದೊತ್ತಡ ಏರುತ್ತದೆ, ಹಾಗಾಗಿ ಎಷ್ಟು ಹೆದರಿದರೂ ಮೂರ್ಛೆ ಬರುವುದು ಅಪರೂಪ. ಸೂಜಿಯ ಭಯದಲ್ಲಿ ಒತ್ತಡ ಮೊದಲು ಏರಿ ಆಮೇಲೆ ದಡಕ್ಕನೆ ಇಳಿಯುತ್ತದೆ. ಮನುಷ್ಯ ಕುಸಿಯುವುದು ಅದರಿಂದ. ಹಾಗಾಗಿ ಇಲ್ಲಿ ಮೈಯನ್ನು ಸಡಿಲಿಸುವುದಲ್ಲ, ಬಿಗಿಯುವುದೇ ಮದ್ದು. ತೊಡೆ, ಹೊಟ್ಟೆ, ತೋಳಿನ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖ ಬೆಚ್ಚಗಾಗುವ ತನಕ ಬಿಗಿಹಿಡಿಯುವುದು, ಅರ್ಧ ನಿಮಿಷದಷ್ಟು ಬಿಡುವುದು, ಮತ್ತೆ ಬಿಗಿಯುವುದು, ಹೀಗೆ ಐದು ಸಲ. ಚುಚ್ಚುವಾಗ ಆ ಕೈಯೊಂದನ್ನು ಮಾತ್ರ ಸಡಿಲ ಬಿಡಬೇಕು. ಇದನ್ನೂ ರೂಪಿಸಿದ್ದು ಅದೇ ಓಸ್ಟ್ ಮತ್ತು ಅವರ ಸಹೋದ್ಯೋಗಿಗಳು, 1980ರ ದಶಕದಲ್ಲಿ. “ಯಜಮಾನ್ರೆ, ನೀವು ಬಿದ್ದಿದ್ದು ಧೈರ್ಯ ಇಲ್ದೆ ಅಲ್ಲ, ಬಿ.ಪಿ. ಇಳಿದು” ಎಂದರು ವೈದ್ಯೆ. ಮಾವ ಅವರ ಮುಖವನ್ನೇ ನೋಡಿದರು. ಇಪ್ಪತ್ತೈದು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಒಂದು ಮಾತಿನಿಂದ ಭಯ ಹೋಗಲಿಲ್ಲ. ಆದರೆ ನಾಚಿಕೆ ಸ್ವಲ್ಪ ಸರಿಯಿತು, ಆ ಸಂದಿನಲ್ಲಿ ಅಭ್ಯಾಸ ಶುರುವಾಯಿತು. ತಿಳಿವಳಿಕೆಯ ಕೆಲಸ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ದೀಪ ಹಾವನ್ನು ಓಡಿಸುವುದಿಲ್ಲ, ಆದರೆ ಎಲ್ಲಿ ಕಾಲಿಡಬೇಕೆಂದು ತೋರಿಸುತ್ತದೆ. ಕಾಲಿಡುವುದನ್ನು ಮೈಯೇ ಮಾಡಬೇಕು, ಮತ್ತೆ ಮತ್ತೆ ಮಾಡಬೇಕು.

ಹಾಗೆ ಮಾಡಿದರೂ ಹಳೆಯ ಭಯ ಅಳಿಸಿಹೋಗುವುದಿಲ್ಲ ಎನ್ನುತ್ತಾರೆ ಈಗಿನ ಮನೋವಿಜ್ಞಾನಿಗಳು. ಚಿಕಿತ್ಸೆಯಲ್ಲಿ ಆಗುವುದು ಹೊಸ ಕಲಿಕೆ. ಅದು ಹಳೆಯದರ ಪಕ್ಕದಲ್ಲೇ ಕೂತು ಅದನ್ನು ತಡೆಹಿಡಿಯುತ್ತದೆ. ಜಾಗ ಬದಲಾದರೆ, ಬಹಳ ದಿನ ಬಿಡುವಾದರೆ, ಹಳೆಯದು ಮತ್ತೆ ತಲೆ ಎತ್ತಬಹುದು. ಪೀಟರ್‌ಗೆ ನಾಯಿ ಹಾರಿದಾಗ ಆದಂತೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಒಂದು ವಿಚಾರ ಬರುತ್ತದೆ: ಒಂದು ಸಂಸ್ಕಾರ ಇನ್ನುಳಿದ ಸಂಸ್ಕಾರಗಳನ್ನು ತಡೆಯಬಲ್ಲದು. ಅಲ್ಲಿರುವುದು ಸಮಾಧಿಯ ಮಾತು, ಸೂಜಿಯ ಮಾತಲ್ಲ. ಎರಡೂ ಒಂದೇ ಎಂದು ನಾನು ವಾದಿಸುವುದಿಲ್ಲ. ಆದರೆ ಅಚ್ಚನ್ನು ತಡೆಯುವುದು ಇನ್ನೊಂದು ಅಚ್ಚು ಎಂಬ ತಿಳಿವಳಿಕೆ ನಮ್ಮ ಪರಂಪರೆಗೆ ಹೊಸದಲ್ಲ.

ಹೀಗೆ ನೋಡಿದರೆ ಧೈರ್ಯದ ಅರ್ಥವೂ ಸ್ವಲ್ಪ ಬದಲಾಗುತ್ತದೆ. ಕೋಲಿನಲ್ಲಿ ನಾಗರಹಾವನ್ನು ಎತ್ತುವಾಗ ಮಾವನಿಗೆ ಭಯವೇ ಇರಲಿಲ್ಲ. ಅದು ಕೌಶಲ. ಎಲ್ಲರೂ ಮೆಚ್ಚಿದ್ದು ಅದನ್ನು. ಸೂಜಿಗಾಗಿ ತೋಳು ಚಾಚುವಾಗ ಅವರ ಮೈಯೆಲ್ಲ ಬೇಡ ಎನ್ನುತ್ತಿರುತ್ತದೆ, ಆದರೂ ಚಾಚುತ್ತಾರೆ. ನೋಡುವವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಚಿಕ್ಕ ಮಕ್ಕಳೂ ಮಾಡಿಸಿಕೊಳ್ಳುವ ಪರೀಕ್ಷೆ. ಒಬ್ಬರ ಧೈರ್ಯವನ್ನು ಎದುರಿಗಿರುವ ಅಪಾಯದ ಗಾತ್ರದಿಂದ ಅಳೆಯುವುದು ನಮಗೆ ರೂಢಿಯಾಗಿದೆ. ಒಳಗಿನ ಎದುರಾಳಿಯ ಗಾತ್ರವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ಇಂಥದ್ದೊಂದು ಭಯ ಇದ್ದು, ಅದರಿಂದ ಪರೀಕ್ಷೆಯೋ ಪ್ರಯಾಣವೋ ಕೆಲಸವೋ ತಪ್ಪುತ್ತಿದ್ದರೆ, ಹೇಳಿಕೊಳ್ಳಲು ಜಾಗವಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿರುವ ಯಾರಾದರೂ ನಿಮಗೆ ತಮ್ಮ ಭಯವನ್ನು ಹೇಳಿಕೊಂಡರೆ, ಅದು ಯಾಕೆ ನಿಜವಲ್ಲ ಎಂದು ವಿವರಿಸುವ ಆತುರ ಬೇಡ. ಅವರಿಗೆ ಅದು ಗೊತ್ತಿರುತ್ತದೆ.

ಮಾವ ಈಗ ಮೂರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಮಲಗಿಯೇ ರಕ್ತ ಕೊಡುತ್ತಾರೆ, ಮುಖ ಗೋಡೆಯ ಕಡೆಗೆ. ಭಯ ಹೋಯ್ತಾ ಮಾವ ಎಂದು ಹೋದ ತಿಂಗಳು ಕೇಳಿದೆ. “ಎಲ್ಲಿ ಹೋಯ್ತದೆ ಮಗ, ಅದೂ ನನ್ ಜೊತೇಲೇ ಬಸ್ ಹತ್ತತದೆ” ಎಂದರು.